ಸಾಮೂಹಿಕ ಕಥಾರಚನೆ ಮತ್ತು ಹೊಣೆಗಾರಿಕೆಯ ಪ್ರಶ್ನೆ

ಹಲವರು ಕೂಡಿ ಒಂದೇ ಕಥೆಯನ್ನು ರಚಿಸಿದಾಗ ಶೈಲಿಯ ಏಕರೂಪತೆ ಕೆಡುತ್ತದೆಂಬುದು ಸಾಮಾನ್ಯ ಆಕ್ಷೇಪ. ವಾಸ್ತವವಾಗಿ ಇಂಥ ರಚನೆಯ ಬಿಕ್ಕಟ್ಟು ಶೈಲಿಯದಲ್ಲ, ಹೊಣೆಗಾರಿಕೆಯದು. ಬ್ರಿಟನ್ನಿನ ಪತ್ತೇದಾರಿ ಕಥೆಗಾರರ ಸಂಘವಾದ ಡಿಟೆಕ್ಷನ್ ಕ್ಲಬ್ಬಿನ ಸದಸ್ಯರು ಸರದಿಯಂತೆ ಅಧ್ಯಾಯಗಳನ್ನು ಬರೆದು 1931ರಲ್ಲಿ ಪ್ರಕಟಿಸಿದ ‘ದಿ ಫ್ಲೋಟಿಂಗ್ ಅಡ್ಮಿರಲ್’ ಕಾದಂಬರಿ ಇದಕ್ಕೆ ಉತ್ತಮ ನಿದರ್ಶನ.

ಅಗಾಥಾ ಕ್ರಿಸ್ಟಿ, ಡೊರೊಥಿ ಸೇಯರ್ಸ್ ಮೊದಲಾದವರು ಪಾಲ್ಗೊಂಡ ಈ ರಚನೆಗೆ ಎರಡು ಮುಖ್ಯ ನಿಯಮಗಳಿದ್ದವು: ಪ್ರತಿಯೊಬ್ಬರೂ ಕೊಲೆಯ ರಹಸ್ಯಕ್ಕೆ ನಿರ್ದಿಷ್ಟ ಪರಿಹಾರವೊಂದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯಬೇಕು, ಹಿಂದಿನವರು ಒಡ್ಡಿದ ತೊಡಕುಗಳನ್ನು ಉಪೇಕ್ಷಿಸಬಾರದು. ಆದಾಗ್ಯೂ ತೊಡಕುಗಳು ಬೆಳೆಯುತ್ತಲೇ ಹೋದವು. ಅಂತಿಮ ಅಧ್ಯಾಯವನ್ನು ಬರೆದ ಆಂಟನಿ ಬರ್ಕ್ಲಿ ಅದಕ್ಕೆ ‘ಗೊಂದಲದ ನಿವಾರಣೆ’ ಎಂಬರ್ಥದ ಶೀರ್ಷಿಕೆಯನ್ನಿತ್ತುದು ಗಮನಾರ್ಹ. ಎಲ್ಲರೂ ಹಾಕಿದ ಗಂಟುಗಳನ್ನು ಬಿಡಿಸುವ ಭಾರ ಒಬ್ಬರ ಮೇಲೆ ಬಿದ್ದಿತು.

ಉಳಿದ ಹಲವು ಲೇಖಕರು ಊಹಿಸಿದ್ದ ಪರಿಹಾರಗಳು ಅನುಬಂಧದಲ್ಲಿ ಅಚ್ಚಾಗಿವೆ. ಒಂದೇ ಘಟನಾವಳಿ ಬೇರೆಬೇರೆ ಮನಸ್ಸುಗಳಲ್ಲಿ ಹೇಗೆ ಬೇರೆಬೇರೆ ಕಥೆಯಾಗುತ್ತದೆಂಬುದನ್ನು ಅವು ತೋರಿಸುತ್ತವೆ. ಸಣ್ಣಕಥೆಯಲ್ಲಾದರೋ ಅನುಬಂಧಕ್ಕಾಗಲಿ ದೀರ್ಘ ಸಮಾಪ್ತಿಗಾಗಲಿ ಎಡೆಯಿಲ್ಲ. ಆದುದರಿಂದ ಗುಂಪಾಗಿ ಸಣ್ಣಕಥೆಯನ್ನು ಬರೆಯುವವರ ಶಿಸ್ತು ಹೊಸ ಎಳೆಗಳನ್ನು ಸೇರಿಸುವುದಕ್ಕಿಂತ, ಕೈಗೆ ಬಂದ ಎಳೆಗಳನ್ನು ಪೂರೈಸುವುದರಲ್ಲಿದೆ.