ಹೆಸರು ಮೊದಲು, ಸರಕು ಆಮೇಲೆ

ಅಂತರಜಾಲದಲ್ಲಿ ಒಂದು ಡೊಮೈನ್ ಹೆಸರಿಗೆ ಒಬ್ಬನೇ ಒಡೆಯ. ಮೊದಲು ನೋಂದಾಯಿಸಿದವನಿಗೆ ಅದು ಸಲ್ಲುತ್ತದೆ. ಆದ್ದರಿಂದಲೇ ಕಂಪನಿಗಳು ಮುಂದೆ ಬರಲಿರುವ ಸರಕಿನ ಹೆಸರನ್ನು ಮಧ್ಯವರ್ತಿಗಳ ಮೂಲಕ ಗುಟ್ಟಾಗಿ ಪಡೆದಿಡುತ್ತವೆ. ಕೊಳ್ಳುವವರು ಯಾರೆಂದು ತಿಳಿದರೆ ಬೆಲೆ ಏರುತ್ತದೆ.

ಇದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. 'ಸಿಫಿ' ಮೊಕದ್ದಮೆಯನ್ನು ನೋಡಿ. ಸತ್ಯಂ ಇನ್ಫೋವೇ 1999ರಲ್ಲಿ ಈ ಹೆಸರನ್ನು ನೋಂದಾಯಿಸಿತ್ತು; 2001ರಲ್ಲಿ ಇನ್ನೊಂದು ಕಂಪನಿ 'ಸಿಫಿನೆಟ್' ಪಡೆಯಿತು. ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯ ಸತ್ಯಂ ಪರವಾಗಿ ಕೊಟ್ಟ ತಡೆಯಾಜ್ಞೆಯನ್ನು ಹೈಕೋರ್ಟ್ ತೆಗೆದುಹಾಕಿತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಊರ್ಜಿತಗೊಳಿಸಿ, ಡೊಮೈನ್ ಹೆಸರಿಗೂ ವ್ಯಾಪಾರಚಿಹ್ನೆಯಂತೆ ರಕ್ಷಣೆ ಉಂಟೆಂದಿತು.

ವ್ಯಾಪಾರದ ಹೆಸರಿಗೆ ಹೀಗೆ ಕಾವಲಿದೆ. ಆದರೆ ಮಲಪ್ರಭೆ ಹುಟ್ಟುವ ಕಣಕುಂಬಿಯ ಹೆಸರನ್ನು ಯಾರಾದರೂ ನೀರಿನ ಬಾಟಲಿಗೆಂದು ಸದ್ದಿಲ್ಲದೆ ಪಡೆದಿಟ್ಟರೆ? 1999ರಲ್ಲಿ ಬಂದ ಅಂತರರಾಷ್ಟ್ರೀಯ ವಿವಾದ ನಿಯಮ ಕೇಳುವುದು ವ್ಯಾಪಾರಚಿಹ್ನೆಯನ್ನು. ಬರಿಯ ಊರಿನ ಹೆಸರು ಅಲ್ಲಿ ಸಾಲದು. ಈ ಕೊರತೆ ತುಂಬುವವರೆಗೆ ನಿಮ್ಮ ಊರಿನ ಹೆಸರನ್ನು ಶಾಲೆಯೋ ಪಂಚಾಯಿತಿಯೋ ಮೊದಲೇ ನೋಂದಾಯಿಸಿಡುವುದು ಲೇಸು.