ಚಿಮಣಿಗಿಂತ ಮೊದಲು ವಾರ್ಡು

ಒಂದು ಇಂಜೆಕ್ಷನ್ ಕೊಟ್ಟು ಮುಗಿಸಿದ ನರ್ಸ್ ಕೈಯಲ್ಲಿ ಐದು ವಸ್ತು ಉಳಿಯುತ್ತವೆ. ಸೂಜಿ ಬಿಳಿ ಡಬ್ಬಕ್ಕೆ ಹೋಗಬೇಕು. ಸೂಜಿ ತೆಗೆದ ಸಿರಿಂಜು ಕೆಂಪು ಚೀಲಕ್ಕೆ, ಔಷಧಿಯ ಗಾಜಿನ ಸೀಸೆ ನೀಲಿಗೆ, ರಕ್ತ ಹತ್ತಿದ ಹತ್ತಿ ಹಳದಿಗೆ. ಸಿರಿಂಜಿನ ಮೇಲಿದ್ದ ಕವರು ಮಾಮೂಲಿ ಕಸ. ಪಕ್ಕದ ಹಾಸಿಗೆಯವರು ಕರೆಯುತ್ತಿರುವಾಗಲೇ ಇಷ್ಟೂ ಆಗಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಗೆಲುವು ಸೋಲು ತೀರ್ಮಾನವಾಗುವುದು ಈ ಕೆಲವೇ ಕ್ಷಣಗಳಲ್ಲಿ.

ನಿಯಮ ಚೆನ್ನಾಗಿಯೇ ಇದೆ, ಅದನ್ನು ಮೊದಲು ಹೇಳಿಬಿಡಬೇಕು. 1998ರ ನಿಯಮದಲ್ಲಿ ಹತ್ತು ವರ್ಗಗಳಿದ್ದವು. ಅವನ್ನು ನಾಲ್ಕು ಬಣ್ಣಗಳಿಗೆ ಇಳಿಸಿದ್ದು ವಾರ್ಡಿನಲ್ಲಿ ದುಡಿಯುವವರ ಕಷ್ಟ ಅರಿತವರ ಕೆಲಸ. ಒಂದೊಂದು ಬಣ್ಣಕ್ಕೂ ಒಂದೊಂದು ದಾರಿ. ಹಳದಿ ಚೀಲ ಕಸ ಸುಡುವ ಇನ್ಸಿನರೇಟರಿಗೆ ಹೋಗುತ್ತದೆ. ಕೆಂಪು ಚೀಲದ ಪ್ಲಾಸ್ಟಿಕ್ಕು ಆಟೋಕ್ಲೇವಿನ ಬಿಸಿ ಹಬೆಯಲ್ಲಿ ಬೆಂದು, ಚೂರಾಗಿ, ಮರುಬಳಕೆಗೆ ಹೊರಡುತ್ತದೆ. ಚೂರು ಮಾಡಲೇಬೇಕೆಂಬ ಹಟ ಏಕೆ ಎಂಬುದಕ್ಕೆ ಗುಜರಾತಿನ ಮೊಡಾಸಾ ಊರೇ ಉತ್ತರ. 2009ರ ಆರಂಭದಲ್ಲಿ ಅಲ್ಲಿ ಹೆಪಟೈಟಿಸ್ ಬಿ ಹಬ್ಬಿ ಹಲವರು ಸತ್ತರು. ಒಮ್ಮೆ ಬಳಸಿದ ಸಿರಿಂಜು, ಸೂಜಿಗಳನ್ನೇ ಮತ್ತೆ ಬಳಸಿದ್ದು ಅದಕ್ಕೆ ಕಾರಣವಾಗಿತ್ತು. ಆ ಹೊತ್ತಿಗೆ ಹಳೆಯ ನಿಯಮ ಜಾರಿಗೆ ಬಂದು ಹತ್ತು ವರ್ಷ ದಾಟಿತ್ತು.

ನನ್ನ ತಕರಾರು ನಿಯಮದ ಕಣ್ಣು ಎಲ್ಲಿ ನೆಟ್ಟಿದೆ ಎಂಬುದರ ಬಗ್ಗೆ. ಆಸ್ಪತ್ರೆಯ ಕಸ ಎಂದರೆ ಸುಡುವುದು ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. 1996ರಲ್ಲಿ ದೆಹಲಿಯ ಕಸದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಐವತ್ತು ಅಥವಾ ಅದಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಗಳು ಇನ್ಸಿನರೇಟರನ್ನೋ ಅಷ್ಟೇ ಪರಿಣಾಮಕಾರಿಯಾದ ಬೇರೆ ವ್ಯವಸ್ಥೆಯನ್ನೋ ಹಾಕಿಕೊಳ್ಳಬೇಕೆಂದು ಹೇಳಿತ್ತು. ಆದರೆ ಕ್ಲೋರಿನ್ ಇರುವ ಪಿವಿಸಿ ಪ್ಲಾಸ್ಟಿಕ್ಕನ್ನು ಸುಟ್ಟರೆ ಕಸ ಮುಗಿಯುವುದಿಲ್ಲ, ಡಯಾಕ್ಸಿನ್ ಮತ್ತು ಫ್ಯೂರಾನ್ ಎಂಬ ವಿಷಗಳು ಹುಟ್ಟುತ್ತವೆ. ಅವು ಹೊಗೆಯ ಜೊತೆ ಹೋಗಿ ಹುಲ್ಲಿನ ಮೇಲೆ ಕೂರುತ್ತವೆ, ಹಸುವಿನ ಕೊಬ್ಬಿಗೆ, ಹಾಲಿಗೆ, ಅಲ್ಲಿಂದ ಮನುಷ್ಯರಿಗೆ, ತಾಯಿಯ ಎದೆಹಾಲಿಗೂ ಬರುತ್ತವೆ. ಮೈಯೊಳಗೆ ಸೇರಿದರೆ ವರ್ಷಗಟ್ಟಲೆ ಉಳಿಯುತ್ತವೆ. ಅದಕ್ಕೇ 2016ರ ನಿಯಮ ಕ್ಲೋರಿನ್ ಇರುವ ಪ್ಲಾಸ್ಟಿಕ್ ಚೀಲಗಳನ್ನು ಕೈಬಿಡಲು ಹೇಳಿತು. ಇನ್ಸಿನರೇಟರಿನ ಎರಡನೆಯ ಕೋಣೆಯಲ್ಲಿ ಅನಿಲ ಸುಮಾರು 1050 ಡಿಗ್ರಿ ಶಾಖದಲ್ಲಿ ಕನಿಷ್ಠ 2 ಸೆಕೆಂಡು ನಿಲ್ಲಬೇಕೆಂದೂ, ಡಯಾಕ್ಸಿನ್ ಪ್ರಮಾಣ ಘನ ಮೀಟರಿಗೆ 0.1 ನ್ಯಾನೋಗ್ರಾಂ ದಾಟಬಾರದೆಂದೂ ಕಟ್ಟುಮಾಡಿತು.

ಕಟ್ಟುನಿಟ್ಟಾದ ಮಿತಿಯೇ. ಆದರೆ ಅದನ್ನು ಅಳೆಯುವುದು ಎಷ್ಟು ಸಲ? ವರ್ಷಕ್ಕೊಮ್ಮೆ. ಉಳಿದ ದಿನಗಳಲ್ಲಿ ಆ ಬೆಂಕಿಗೆ ಏನು ಬಿತ್ತು ಎಂಬುದನ್ನು ವಾರ್ಡಿನ ಹಳದಿ ಚೀಲವೇ ಹೇಳಬೇಕು. ಕೆಂಪಿಗೆ ಹೋಗಬೇಕಿದ್ದ ಯೂರಿನ್ ಬ್ಯಾಗು, ಡ್ರಿಪ್ಪಿನ ಕೊಳವೆ ಅವಸರದಲ್ಲಿ ಹಳದಿಗೆ ಬಿದ್ದರೆ ಚೀಲದ ಮೇಲಿನ ಬಾರ್‌ಕೋಡಿಗೆ ಅದು ಗೊತ್ತಾಗುವುದಿಲ್ಲ. ಚೀಲ ಯಾವ ಆಸ್ಪತ್ರೆಯದು, ಎಷ್ಟು ತೂಕ, ಎಲ್ಲಿಗೆ ಹೋಯಿತು ಎಂಬುದಷ್ಟೇ ಅದಕ್ಕೆ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಆಸ್ಪತ್ರೆಯ ಕಸದ ಶೇ. 85ರಷ್ಟು ಮನೆಯ ಕಸದಂತೆಯೇ ನಿರಪಾಯಕಾರಿ. ಉಳಿದ 15ರ ಜೊತೆ ಬೆರೆತರೆ ಅಷ್ಟೂ ಅಪಾಯಕಾರಿಯಾಗುತ್ತದೆ. ಕಸ ಒಯ್ದು ವಿಲೇವಾರಿ ಮಾಡುವವರಿಗೆ ಹಾಸಿಗೆ ಲೆಕ್ಕದಲ್ಲಿ ಶುಲ್ಕ ಕಟ್ಟುವ ಕಡೆ ಕಸ ಕಡಿಮೆ ಮಾಡುವುದರಿಂದ ಆಸ್ಪತ್ರೆಗೆ ದುಡ್ಡೇನೂ ಉಳಿಯುವುದಿಲ್ಲ. ತೂಕದ ಲೆಕ್ಕ ಇಟ್ಟರೆ, ಕದ್ದು ಸುರಿಯುವ ಆಸೆ ಹುಟ್ಟುತ್ತದೆ. 2024ರ ಡಿಸೆಂಬರಿನಲ್ಲಿ ಕೇರಳದ ಆಸ್ಪತ್ರೆಗಳ ಕಸ ತಮಿಳುನಾಡಿನ ತಿರುನೆಲ್ವೇಲಿಯ ಹಳ್ಳಿಗಳಲ್ಲಿ ಬಿದ್ದಿತ್ತು. ಹಸಿರು ನ್ಯಾಯಮಂಡಳಿ ಗದರಿಸಿದ ಮೇಲೆ ಕೇರಳ ಲಾರಿ ಕಳಿಸಿ ವಾಪಸು ಒಯ್ಯಬೇಕಾಯಿತು.

ಹೀಗಿರುವಾಗ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ಚಿಮಣಿಯ ವರದಿ ತಿರುವಿ ಹಾಕುವುದಕ್ಕಿಂತ, ಹೇಳದೆ ಕೇಳದೆ ವಾರ್ಡಿಗೆ ಬಂದು, ಕಟ್ಟುವ ಮೊದಲು ಚೀಲದೊಳಗೆ ಇಣುಕಿದರೆ ಹೆಚ್ಚು ತಿಳಿಯುತ್ತದೆ. ಚೀಲ ಹೊರುವವರು ಆಯಾಗಳು, ಗುತ್ತಿಗೆ ನೌಕರರು. ಅವರಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಬೇಕು, ತರಬೇತಿ ಕೊಡಬೇಕು ಎಂದು ನಿಯಮವೇ ಹೇಳುತ್ತದೆ. ಗುತ್ತಿಗೆದಾರ ಬದಲಾದಾಗ ಕೆಲಸದವರೂ ಬದಲಾದರೆ ಆ ತರಬೇತಿ ಯಾರ ಬಳಿ ಉಳಿಯುತ್ತದೆ? ಅಷ್ಟು ಕಡಿಮೆ ಸಂಬಳಕ್ಕೆ ಅಷ್ಟು ದೊಡ್ಡ ಜವಾಬ್ದಾರಿ ಹೊರಿಸುವುದು ಅನ್ಯಾಯ.

ಇನ್ನು ಮನೆಗಳಲ್ಲಿ ಹುಟ್ಟುವ ಆಸ್ಪತ್ರೆ ಕಸ. ಇನ್ಸುಲಿನ್ ಸೂಜಿ, ಡಯಾಲಿಸಿಸ್ ಚೀಲ, ವಯಸ್ಸಾದವರ ಡಯಾಪರು. ಬೆಂಗಳೂರಿನ ಮನೆಗಳಿಗೆ ಪಾಲಿಕೆ ಕಲಿಸಿದ ‘ಎರಡು ಡಬ್ಬ, ಒಂದು ಚೀಲ’ ಪದ್ಧತಿಯಲ್ಲಿ ಕೆಂಪು ಡಬ್ಬ ಇರುವುದು ಡಯಾಪರು, ಪ್ಯಾಡುಗಳಂಥ, ಮರುಬಳಕೆಗೆ ಬಾರದ ಕಸಕ್ಕೆ. ಆಸ್ಪತ್ರೆಯಲ್ಲಿ ಅದೇ ಕೆಂಪು ಮರುಬಳಕೆಯ ಬಣ್ಣ. ಹಗಲು ವಾರ್ಡಿನಲ್ಲಿ, ಸಂಜೆ ಮನೆಯಲ್ಲಿ ಕಸ ವಿಂಗಡಿಸುವ ಹೆಂಗಸಿಗೆ ಒಂದೇ ಬಣ್ಣ ಎರಡು ಪಾಠ ಹೇಳುತ್ತದೆ. ಸಕ್ಕರೆ ಕಾಯಿಲೆಯವರ ಸೂಜಿ ಪೌರಕಾರ್ಮಿಕರ ಕೈಗೆ ಚುಚ್ಚದಿರಬೇಕಾದರೆ, ಅದನ್ನು ಮಾರಿದ ಔಷಧಿ ಅಂಗಡಿಯಲ್ಲೇ ಒಂದು ಬಿಳಿ ಡಬ್ಬ ಇಡಿಸಿ, ತುಂಬಿದ ಮೇಲೆ ಆಸ್ಪತ್ರೆ ಚೀಲ ಒಯ್ಯುವ ವ್ಯಾನಿಗೇ ಕೊಡಿಸಬಹುದು. ಆ ವ್ಯಾನು ಹೇಗೂ ಊರೊಳಗೆ ಓಡಾಡುತ್ತದೆ.