ಶಾಕುಂತಲದ ಕಂಚುಕಿಯೂ ಮುಪ್ಪಿನ ನಡಿಗೆಯೂ

ಅಭಿಜ್ಞಾನಶಾಕುಂತಲದ ಪಂಚಮಾಂಕದಲ್ಲಿ ವೃದ್ಧನಾದ ಕಂಚುಕಿಯ ಮಾತುಗಳಲ್ಲಿ ಒಂದು ಪಾಠಭೇದವಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಅದನ್ನು ಕುರಿತು ಇಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲ ನಾನು ವಿದ್ಯಾರ್ಥಿಗಳಿಗೆ ಹೇಳಿಕೊಟ್ಟ ಅಭಿಪ್ರಾಯದಲ್ಲಿ ಒಂದಂಶವನ್ನು ಈಗ ಹಿಂತೆಗೆದುಕೊಳ್ಳಬೇಕಾಗಿ ಬಂದಿದೆ. ತಪ್ಪನ್ನು ಪಾಠಶಾಲೆಯಲ್ಲಿ ಹೇಳಿದವನು ತಿದ್ದುಪಡಿಯನ್ನು ಪತ್ರಿಕೆಯಲ್ಲಿ ಹೇಳುವುದು ನ್ಯಾಯವೆಂದು ಭಾವಿಸಿ ಇದನ್ನು ಬರೆದಿದ್ದೇನೆ.

ನಮ್ಮ ಪ್ರಾಂತದ ಪಾಠಶಾಲೆಗಳಲ್ಲಿ ಓದುವುದು ರಾಘವಭಟ್ಟನ ಅರ್ಥದ್ಯೋತನಿಕಾ ವ್ಯಾಖ್ಯಾನದೊಡನೆ ಬರುವ ದೇವನಾಗರೀ ಪಾಠವನ್ನು. ಅದರಲ್ಲಿ ಕಂಚುಕಿಯು ಪ್ರವೇಶಿಸಿ, ಹಿಂದೆ ಅಧಿಕಾರದ ಕುರುಹೆಂದು ಹಿಡಿದ ಬೆತ್ತವೇ ಈಗ ತಡವರಿಸುವ ನಡೆಗೆ ಊರುಗೋಲಾಯಿತೆಂದು ಹಲುಬುತ್ತಾನೆ. ಆಮೇಲೆ, ಧರ್ಮಾಸನದಿಂದ ಈಗತಾನೆ ಎದ್ದ ದೊರೆಗೆ ಕಣ್ವಶಿಷ್ಯರ ಆಗಮನವನ್ನು ಹೇಗೆ ಬಿನ್ನವಿಸಲಿ ಎಂದು ಅಳುಕುತ್ತಾನೆ. ರಾಜ್ಯಭಾರಕ್ಕೆ ವಿಶ್ರಾಂತಿಯೇ ಇಲ್ಲವೆಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾನೆ. ಇಷ್ಟೆಲ್ಲ ಆದ ಮೇಲೆಯೇ ಅವನು ನಡೆಯುವನೆಂಬ ರಂಗಸೂಚನೆ ಬರುತ್ತದೆ. ವಿಚಾರ ಮುಗಿದು ನಿರ್ಧಾರವಾಗುವವರೆಗೆ ಕವಿಯು ಮುದುಕನನ್ನು ನಡೆಯಿಸಿಲ್ಲ. ಈ ಕ್ರಮವನ್ನು ಮೊನ್ನೆಮೊನ್ನೆಯವರೆಗೂ ನಾನು ಗಮನಿಸಿರಲಿಲ್ಲ.

ವಂಗೀಯ ಪಾಠದಲ್ಲಿ ಕ್ರಮ ಬೇರೆ. ೧೭೮೯ರಲ್ಲಿ ವಿಲಿಯಂ ಜೋನ್ಸನು ಇಂಗ್ಲಿಷಿಗೆ ತಿರುಗಿಸಿದ್ದು ಬಂಗಾಳದ ಪಾಠವನ್ನೇ; ಪಿಶೆಲ್ ಪಂಡಿತನು ೧೮೭೭ರಲ್ಲಿ ಅದನ್ನು ಶೋಧಿಸಿ ಅಚ್ಚು ಮಾಡಿಸಿದನು. ಅದರಲ್ಲಿ ಕಂಚುಕಿಯು ಬೆತ್ತದ ಮಾತು ಮುಗಿಸಿ, ದೊರೆಗೆ ಕಾರ್ಯವನ್ನು ತಿಳಿಸುವೆನೆಂದು ಹೊರಟು, ಸ್ವಲ್ಪ ದೂರ ಹೋಗಿ, ಆ ಕಾರ್ಯ ಯಾವುದೆಂದು ಮರೆಯುತ್ತಾನೆ! ಆಲೋಚಿಸಿ ನೆನಪಿಗೆ ತಂದುಕೊಂಡು, ಮುದುಕರ ಬುದ್ಧಿಯನ್ನು ಆರಲಿರುವ ದೀಪದ ಕುಡಿಗೆ ಹೋಲಿಸಿ ಒಂದು ಶ್ಲೋಕ ಹೇಳುತ್ತಾನೆ.

ಈ ಭಾಗವು ಪ್ರಕ್ಷಿಪ್ತವೆಂಬುದಕ್ಕೆ ನಾನು ಮೂರು ಕಾರಣಗಳನ್ನು ಕೊಡುತ್ತಿದ್ದೆ. ರಾಘವಭಟ್ಟನು ಇದನ್ನು ವ್ಯಾಖ್ಯಾನಿಸಿಲ್ಲವೆಂಬುದು ಒಂದು. ಅಂತಃಪುರದ ಅಧಿಕಾರಿಯು ಸಂದೇಶವನ್ನೇ ಮರೆತರೆ ಪಾತ್ರದ ಗೌರವಕ್ಕೆ ಕುಂದು, ಆದುದರಿಂದ ಔಚಿತ್ಯಭಂಗ, ಎಂಬುದು ಇನ್ನೊಂದು. ಮೂರನೆಯದರ ಮೇಲೆ ನನಗೆ ಬಹಳ ಅಭಿಮಾನವಿತ್ತು: ಕೆಲವೇ ಕ್ಷಣಗಳಲ್ಲಿ ಸೂರ್ಯನನ್ನೂ ಶೇಷನನ್ನೂ ದೃಷ್ಟಾಂತವಾಗಿ ತಂದು ರಾಜಧರ್ಮವನ್ನು ಇಷ್ಟು ಸ್ವಚ್ಛವಾಗಿ ನಿರೂಪಿಸಬಲ್ಲವನಿಗೆ ಬಾಗಿಲಲ್ಲಿ ಕಾದಿರುವ ಋಷಿಗಳು ಮರೆತುಹೋಗುವರೆ? ಒಬ್ಬನಲ್ಲಿಯೇ ಈ ಎರಡು ಬುದ್ಧಿಗಳು ಕೂಡಲಾರವು ಎಂದು ನನ್ನ ವಾದ.

ಈ ವಾದವನ್ನು ಕೆಡಿಸಿದ್ದು ಗ್ರಂಥವಲ್ಲ, ಬೀದಿ. ನನಗೆ ವ್ಯಾಕರಣ ಹೇಳಿಕೊಟ್ಟ ಗುರುಗಳು ಬೆಂಗಳೂರಿನ ಉತ್ತರಕ್ಕಿರುವ ಶೆಟ್ಟಿಹಳ್ಳಿಯಲ್ಲಿ ಮಗನ ಮನೆಯಲ್ಲಿದ್ದಾರೆ. ವಯಸ್ಸು ಎಂಬತ್ತು ಮೀರಿದೆ. ಸಂಜೆ ಅವರೊಡನೆ ನಡೆಯುತ್ತ ಸಂದೇಹಗಳನ್ನು ಕೇಳುವುದು ನನ್ನ ರೂಢಿ. ಕೆಲವು ವರ್ಷಗಳಿಂದ ಅವರು ಪ್ರಶ್ನೆ ಕೇಳಿದೊಡನೆ ನಿಂತುಬಿಡುವರು; ಕೋಲನ್ನು ಊರಿ, ಸೂತ್ರ, ವಾರ್ತಿಕ, ಭಾಷ್ಯಗಳನ್ನು ಒಂದು ಅಕ್ಷರವೂ ತಪ್ಪದಂತೆ ಹೇಳಿ, ಮುಗಿದ ಮೇಲೆ ಹೆಜ್ಜೆಯಿಡುವರು. ಶಾಸ್ತ್ರದ ಮೇಲಿನ ಗೌರವದಿಂದ ನಿಲ್ಲುವರೆಂದು ನಾನು ತಿಳಿದಿದ್ದೆ. ಒಂದು ದಿನ ಕತ್ತಲಾಗುತ್ತಿದ್ದುದರಿಂದ, “ಗುರುಗಳೇ, ನಡೆಯುತ್ತಲೇ ಅಪ್ಪಣೆಯಾಗಲಿ” ಎಂದೆ. ಅವರು ನನ್ನ ಮಾತಿಗೆ ಒಪ್ಪಿ ನಡೆಯುತ್ತಲೇ ಹೇಳತೊಡಗಿದರು. ಹತ್ತು ಹೆಜ್ಜೆ ಹೋಗುವುದರೊಳಗೆ ಚಪ್ಪಡಿಕಲ್ಲಿನ ಅಂಚಿಗೆ ಕಾಲು ತಗುಲಿ ಬಿದ್ದರು. ಮುಂಗೈಯ ಮೂಳೆ ಮುರಿಯಿತು. ಅಪರಾಧ ನನ್ನದು.

ಚಿಕಿತ್ಸೆ ಮಾಡಿದ ವೈದ್ಯರು ಕೇಳಿದ ಮೊದಲ ಪ್ರಶ್ನೆ, “ಬಿದ್ದಾಗ ಮಾತನಾಡುತ್ತಿದ್ದರೆ?” ಎಂಬುದು. ಆಮೇಲೆ ನಾನು ವಿಚಾರಿಸಿ ತಿಳಿದುದನ್ನು ಇಲ್ಲಿ ಸಂಗ್ರಹಿಸುತ್ತೇನೆ. ೧೯೯೭ರಲ್ಲಿ ಸ್ವೀಡನ್ ದೇಶದ ಲುಂಡಿನ್-ಓಲ್ಸನ್ ಮೊದಲಾದವರು ೫೮ ಮಂದಿ ವೃದ್ಧರನ್ನು ನಡೆಯಿಸುತ್ತ ಮಾತಿಗೆಳೆದರು. ೧೨ ಮಂದಿ ಮಾತನಾಡಲು ನಿಂತರು. ಮುಂದಿನ ಆರು ತಿಂಗಳಲ್ಲಿ ಅವರಲ್ಲಿ ೧೦ ಮಂದಿ ಬಿದ್ದರು. ನಿಲ್ಲದ ೪೬ ಮಂದಿಯಲ್ಲಿ ಬಿದ್ದವರು ೧೧. ಈಗ ನೂರರಿಂದ ಏಳೇಳು ಕಳೆಯುತ್ತ ನಡೆಯಿರಿ, ಪ್ರಾಣಿಗಳ ಹೆಸರು ಹೇಳುತ್ತ ನಡೆಯಿರಿ ಎಂದು ಪರೀಕ್ಷಿಸುವುದುಂಟು. ಬರಿಯ ನಡಿಗೆಯಲ್ಲಿ ಕಾಣದ ದೋಷವು ಆಗ ಕಾಣುತ್ತದೆ: ವೇಗ ಇಳಿಯುತ್ತದೆ, ಒಂದು ಹೆಜ್ಜೆಯ ಕಾಲಕ್ಕೂ ಮುಂದಿನ ಹೆಜ್ಜೆಯ ಕಾಲಕ್ಕೂ ಸಮತೆ ತಪ್ಪುತ್ತದೆ, ಇಲ್ಲವೆ ಲೆಕ್ಕ ತಪ್ಪುತ್ತದೆ. ಅಲ್ಪಸ್ವಲ್ಪ ಮರೆವಿದ್ದ ೧೧೨ ಮಂದಿಯನ್ನು ಅನುಸರಿಸಿ ಕೆನಡಾ ದೇಶದವರು ೨೦೧೭ರಲ್ಲಿ ಪ್ರಕಟಿಸಿದ ಶೋಧನೆಯಂತೆ, ಲೆಕ್ಕ ಮಾಡುತ್ತ ನಡೆಯುವಾಗ ವೇಗ ಬಹಳವಾಗಿ ಕುಗ್ಗಿದವರಲ್ಲಿ ಮುಂದೆ ಬುದ್ಧಿಭ್ರಂಶರೋಗದ ಸಂಭವ ಹೆಚ್ಚು. ನಮ್ಮಲ್ಲಿಯೂ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸುತ್ತಣ ಹಳ್ಳಿಗಳಲ್ಲಿ ೪೫ ವರ್ಷ ತುಂಬಿದವರ ಬುದ್ಧಿಶಕ್ತಿಯನ್ನು ವರ್ಷಾನುಗಟ್ಟಲೆ ಪರೀಕ್ಷಿಸುತ್ತಿದ್ದಾರೆ.

ಇದರ ಕಾರಣವು ನೈಯಾಯಿಕರಿಗೆ ಅಪರಿಚಿತವಲ್ಲ. ಮನಸ್ಸು ಅಣು, ಎರಡು ಜ್ಞಾನಗಳು ಒಂದೇ ಕ್ಷಣದಲ್ಲಿ ಹುಟ್ಟಲಾರವು, ಏಕಕಾಲದಲ್ಲಿ ಆದಂತೆ ತೋರುವುದು ನೂರು ತಾವರೆಯೆಸಳುಗಳನ್ನು ಸೂಜಿಯು ಭೇದಿಸಿದಂತೆ ಶೀಘ್ರತೆಯಿಂದಾದ ಭ್ರಮೆ ಎಂಬುದು ಅವರ ಸಿದ್ಧಾಂತವಷ್ಟೆ. ಯೌವನದಲ್ಲಿ ನಡಿಗೆಯು ಅಭ್ಯಾಸಸಂಸ್ಕಾರದಿಂದಲೇ ನಡೆಯುವುದರಿಂದ ಮನಸ್ಸಿಗೆ ಬಿಡುವಿರುತ್ತದೆ. ಮುಪ್ಪಿನಲ್ಲಿ ಕಣ್ಣು, ಪಾದದ ಸ್ಪರ್ಶ, ಕೀಲುಗಳು ಕೊಡುವ ಸುದ್ದಿ ಮಂದವಾಗಿ, ಪ್ರತಿ ಹೆಜ್ಜೆಗೂ ಮನಸ್ಸೇ ಇಳಿದು ಬರಬೇಕಾಗುತ್ತದೆ. ಸೂಜಿಯ ವೇಗವೂ ಆಗ ತಗ್ಗಿರುತ್ತದೆ. ಮಿದುಳಿನ ಮುಂಭಾಗದ ಮೇಲೆ ಹೊರೆ ಹೆಚ್ಚುವುದೆಂದು ವೈದ್ಯರು ಹೇಳುವುದೂ ಬಹುಮಟ್ಟಿಗೆ ಇದನ್ನೇ. (ಅಣುತ್ವವನ್ನು ಅವರು ಒಪ್ಪುವರೆಂದು ನಾನು ಹೇಳುತ್ತಿಲ್ಲ.)

ಈಗ ನನ್ನ ಮೂರನೆಯ ಕಾರಣವನ್ನು ನೋಡಿರಿ. ಗುರುಗಳು ಬಿದ್ದ ದಿನವೂ ಅವರಿಗೆ ಮಹಾಭಾಷ್ಯ ಮರೆತಿರಲಿಲ್ಲ. ನಿಂತಾಗ ಇದ್ದ ಬುದ್ಧಿಯೇ ನಡೆಯುವಾಗ ಸಾಲದಾಯಿತು. ವಂಗೀಯ ಪಾಠದ ಕಂಚುಕಿಯೂ ಮರೆತದ್ದು “ಸ್ವಲ್ಪ ದೂರ ಹೋಗಿ” ಎಂಬ ರಂಗಸೂಚನೆಯ ನಂತರ. ನೆನಪಾದದ್ದು ಆಲೋಚಿಸಲು ತೊಡಗಿದಾಗ. ಶ್ಲೋಕದ ಸೊಬಗನ್ನು ಚರ್ಚಿಸಿದ ನಾವು ಶ್ಲೋಕಕ್ಕೆ ಕಾರಣವಾದ ಈ ಪುಟ್ಟ ಸೂಚನೆಯನ್ನು ದಾಟಿಹೋಗಿದ್ದೇವೆ. ಮರೆವೂ ರಾಜಧರ್ಮದ ನಿರೂಪಣೆಯೂ ಒಬ್ಬನಲ್ಲಿಯೇ ಕೂಡಬಲ್ಲವು, ಕೂಡುತ್ತವೆ.

ಔಚಿತ್ಯಭಂಗದ ಆಕ್ಷೇಪವೂ ಇದರೊಡನೆ ಸಡಿಲವಾಗುತ್ತದೆ. ಪಂಚಮಾಂಕವೆಲ್ಲ ಮರೆವಿನ ಅಂಕ. ದೂರ್ವಾಸರ ಶಾಪದಿಂದ ದೊರೆಯು ಹೆಂಡತಿಯನ್ನೇ ಮರೆಯಲಿದ್ದಾನೆ. ಆ ಮಹಾವಿಸ್ಮೃತಿಯ ಮುಂಚೆ, ಯಾರ ಶಾಪವೂ ಇಲ್ಲದೆ ಕೇವಲ ವಯಸ್ಸಿನಿಂದಾದ ಒಂದು ಚಿಕ್ಕ ಮರೆವು. ಮರೆತದ್ದೂ ಶಕುಂತಲೆಯನ್ನು ಕರೆತಂದವರನ್ನೇ. ಸೇವಕನ ದೀಪ ಮತ್ತೆ ಹೊತ್ತಿಕೊಳ್ಳುತ್ತದೆ, ಒಡೆಯನದು ಹೊತ್ತಿಕೊಳ್ಳುವುದಿಲ್ಲ. ಇದನ್ನು ಪಾತ್ರದ ಅವಮಾನವೆಂದು ಎಣಿಸಿದ್ದು ನನ್ನ ಓದಿನ ಬಡತನ.

ಭವಭೂತಿಯ ಉತ್ತರರಾಮಚರಿತದಲ್ಲಿ ಮುದಿ ಕಂಚುಕಿಯು ಪಟ್ಟಕ್ಕೆ ಬಂದ ರಾಮನನ್ನು ಹಳೆಯ ವಾಡಿಕೆಯಂತೆ ರಾಮಭದ್ರನೆಂದು ಕರೆದು, ಅಷ್ಟಕ್ಕೇ ಬೆದರಿ ಮಹಾರಾಜನೆಂದು ತಿದ್ದಿಕೊಳ್ಳುವುದನ್ನು ಯಾರೂ ಅನುಚಿತವೆಂದಿಲ್ಲ. ಅಲ್ಲಿ ಜಾರಿದ್ದು ನಾಲಗೆ, ಇಲ್ಲಿ ನೆನಪು. ನಮ್ಮ ಕನ್ನಡದಲ್ಲಿ ಮುಪ್ಪನ್ನು ಕುರಿತ ಬಸವಣ್ಣನವರ ಪ್ರಸಿದ್ಧ ವಚನದಲ್ಲಿ ಕೈ, ಕಾಲು, ಕೋಲು ಮೂರೂ ಬರುತ್ತವೆ. ಆದರೆ ಅಲ್ಲಿಯ ಪ್ರಯೋಜನ ಬೇರೆಯಾದುದರಿಂದ ಕೋಲೂರಿದವನ ಮನಸ್ಸಿನೊಳಗಿನ ಪೇಚು ಬರುವುದಿಲ್ಲ, ಬರಬೇಕಾದುದೂ ಇಲ್ಲ. ಭರತನು ಗತಿಪ್ರಚಾರಾಧ್ಯಾಯದಲ್ಲಿ ಕಂಚುಕಿಯ ನಡೆಯನ್ನು ವಯಸ್ಸಿಗನುಸಾರವಾಗಿ ವಿಭಾಗಿಸಿದ್ದಾನೆ. ಕಾಲೇಜುಗಳ ಪ್ರಯೋಗಗಳಲ್ಲಿ ಹುಡುಗರು ಈ ಪಾತ್ರವನ್ನು ಕುಂಟಿಸುತ್ತ, ಕೆಮ್ಮಿಸುತ್ತ, ನಡೆಯುತ್ತಲೇ ಶ್ಲೋಕ ಹೇಳಿಸಿ ನಗಿಸುವುದನ್ನು ಕಂಡಿದ್ದೇನೆ. ಯಾವ ಪಾಠವನ್ನು ಹಿಡಿದರೂ ಅದು ತಪ್ಪು. ಅವನು ನಿಂತು ಹೇಳತಕ್ಕದ್ದು.

ಇಷ್ಟರಿಂದ ವಂಗೀಯ ಪಾಠವೇ ಕಾಳಿದಾಸನದೆಂದು ಸಿದ್ಧವಾಗುವುದಿಲ್ಲ. ವೈದ್ಯಶಾಸ್ತ್ರದಿಂದ ಪಾಠನಿರ್ಣಯವಾಗದು, ಅದಕ್ಕೆ ಹಸ್ತಪ್ರತಿಗಳೇ ಪ್ರಮಾಣ. ರಾಘವಭಟ್ಟನ ಮೌನವೆಂಬ ನನ್ನ ಮೊದಲ ಕಾರಣವು ಇದ್ದಲ್ಲಿಯೇ ಇದೆ. ಬಿದ್ದುಹೋದವು ಉಳಿದೆರಡು.

ಕೈಕಟ್ಟು ಬಿಚ್ಚಿದ ಮೇಲೆ ಗುರುಗಳ ಮುಂದೆ ಇದನ್ನೆಲ್ಲ ಓದಿದೆ. ಅವರು ಕುರ್ಚಿಯಲ್ಲಿ ಕುಳಿತೇ ಕೇಳಿ, “ಪ್ರಕ್ಷಿಪ್ತವೆಂದೇ ನನ್ನ ಮತ. ಆದರೆ ಸೇರಿಸಿದವನು ಮುದುಕನಯ್ಯಾ, ನೀನು ಇನ್ನೂ ಹುಡುಗ” ಎಂದರು. ಈ ವರ್ಷದಿಂದ ಆ ಶ್ಲೋಕವನ್ನು ಕಂಸದೊಳಗಿಟ್ಟು, ರಂಗಸೂಚನೆಯೊಡನೆ, ಪಾಠ ಹೇಳುತ್ತಿದ್ದೇನೆ.